ಬರ್ತೀನಿ ಅನ್ನುವ ಮಾತು

ಆಗಿನ ಗಂಗಾವತಿಯಲ್ಲಿ ನಮ್ಮ ಓಣಿಯ ಹೆಂಗಸರು ಗಾಳಿ ನೋಡಿ ಬಟ್ಟೆ ಒಣಹಾಕುತ್ತಿದ್ದರು. ಗಾಳಿ ಅಕ್ಕಿ ಮಿಲ್ಲುಗಳ ಕಡೆಯಿಂದ ಬೀಸಿದರೆ ಹೊಟ್ಟಿನ ಕರಿ ಬೂದಿ ಹಾರಿ ಬಂದು ಬಿಳಿ ಬಟ್ಟೆಯ ಮೇಲೆ ಕೂಡುತ್ತಿತ್ತು. ಮನೆಗೊಂದೇ ಗುಂಡಿ ಒತ್ತುವ ಫೋನು ಇದ್ದ ಕಾಲ. ನಮ್ಮಪ್ಪ ಒಂದು ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಕುದಿಸಿದ ಭತ್ತದ ವಾಸನೆ ಅವನ ಅಂಗಿಯಲ್ಲಿ ಕೂತು ಮನೆಗೆ ಬರುತ್ತಿತ್ತು. ಬೇರೆಯವರಿಗೆ ಅದು ಅನ್ನದ ವಾಸನೆ, ನನಗೆ ಮೂಗಿನೊಳಗೆ ಯಾರೋ ಕೈ ಹಾಕಿದಂತೆ. ಅಪ್ಪ ಬಂದ ಕೂಡಲೇ ಹಿತ್ತಲಿಗೆ ಓಡುತ್ತಿದ್ದೆ. "ನನ್ನ ಕಂಡ್ರ ಈಕಿಗೆ ಆಗೂದಿಲ್ಲ" ಎಂದು ಅವನು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ. ಅಪ್ಪನನ್ನು ಕಂಡರೆ ನನಗೆ ಆಗುತ್ತಿತ್ತು. ಅಂಗಿ ಆಗುತ್ತಿರಲಿಲ್ಲ.

ನನಗಾಗ ಹದಿನಾಲ್ಕು ವರ್ಷ. ನನ್ನಂಥವರಿಗೆ ದವಾಖಾನೆಯಲ್ಲಿ ಒಂದು ಹೆಸರಿದೆ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಇದ್ದದ್ದು ಓಣಿಯವರು ಕೊಟ್ಟ ಹೆಸರು. "ಸುಶೀಲವ್ವನ ಸಣ್ಣ ಮಗಳು ಒಂದ್ ನಮೂನಿ ಐತಿ ನೋಡ್ರಿ" ಅನ್ನುತ್ತಿದ್ದರು. ಯಾವ ನಮೂನಿ ಎಂದು ಯಾರೂ ಹೇಳಲಿಲ್ಲ. ಈಗಿನ ಹೆಸರು ಆಟಿಸಂ. ಕನ್ನಡದಲ್ಲಿ ಸ್ವಲೀನತೆ ಅನ್ನುತ್ತಾರಂತೆ, ತನ್ನೊಳಗೆ ತಾನು ಲೀನವಾಗುವುದು ಎಂದು. ಈ ಪದ ಮಾಡಿದ ಪುಣ್ಯಾತ್ಮರು ನಮ್ಮನ್ನು ಕೇಳಿ ಮಾಡಿಲ್ಲ. ನಾನೆಲ್ಲಿ ಲೀನಳಾಗಿದ್ದೆ? ಮಿಲ್ಲಿನ ಸೈರನ್ನು, ಕುಕ್ಕರಿನ ಸೀಟಿ, ಲಂಗದ ಲಾಡಿ, ಹೊಸ ಅಂಗಿಯ ಕೊರಳಿಗೆ ಚುಚ್ಚುವ ಚೀಟಿ, ಎಲ್ಲವೂ ಒಳಗೆ ನುಗ್ಗುತ್ತಿದ್ದವು. ಬಾಗಿಲು ಹಾಕಿಕೊಳ್ಳಲು ಬಾರದ ಮನೆಯಂತೆ ಇದ್ದೆ ನಾನು.

ಎಲ್ಲಕ್ಕಿಂತ ಕಷ್ಟದ್ದು ಜನರ ಮಾತು. ನಮ್ಮ ಮಂದಿ ಒಂದನ್ನು ಅಂದು ಇನ್ನೊಂದನ್ನು ತಿಳಿದುಕೋ ಅನ್ನುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಗೆ ಮಾತಾಡುವುದು ಅವರಿಗೆ ಮರ್ಯಾದೆ. ಹಾದಿಯಲ್ಲಿ ಸಿಕ್ಕವರು "ಊಟ ಆತೇನವಾ?" ಎಂದು ಕೇಳಿದರೆ ನಾನು ನಿಂತು, ಏನು ಉಂಡೆ, ಯಾವುದು ಬಿಟ್ಟೆ, ಪಲ್ಯದ ಬದನೆಕಾಯಿ ಯಾಕೆ ಬಾಯಲ್ಲಿ ಜಾರುತ್ತದೆ ಎಂದೆಲ್ಲ ಹೇಳುತ್ತಿದ್ದೆ. ಅವರು ಅರ್ಧಕ್ಕೇ ಹೊರಟುಬಿಡುತ್ತಿದ್ದರು. ಕೇಳಿದವರೇ ಯಾಕೆ ಹೋದರು ಎಂದು ನಾನು ಕೇಳುತ್ತಿದ್ದದ್ದು ನನ್ನ ಅಕ್ಕ ಗಿರಿಜಾಳನ್ನು.

"ಊಟದ ಸುದ್ದಿ ಅಲ್ಲ ಅದು. ನಿನ್ನ ನೋಡೀನಿ ಅಂತ, ಅಷ್ಟ" ಅನ್ನುತ್ತಿದ್ದಳು.

"ಹಂಗಾದ್ರ ನೋಡೀನಿ ಅನ್ನಲಿ."

"ಅನ್ನಬೇಕು ಖರೆ. ಅನ್ನೂದಿಲ್ಲ. ನೀ 'ಆತ್ರಿ' ಅನ್ನು, ಸಾಕು."

"ಆಗಿರಲಿಲ್ಲಂದ್ರ?"

"ಆಗಿರಲಿಲ್ಲಂದ್ರೂ ಆತ್ರಿ."

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಹೊಲಿಗೆ ಕಲಿಯಲು ಹೋಗುತ್ತಿದ್ದಳು. ನನ್ನ ಅಂಗಿಗಳ ಕೊರಳ ಚೀಟಿಯನ್ನು ದಾರ ಉಳಿಯದಂತೆ ಬಿಚ್ಚಿ ಕೊಡುತ್ತಿದ್ದವಳು ಅವಳು. ನನ್ನನ್ನು ನೋಡಿ ನಗುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಕ್ಕು ಮುಗಿದ ಮೇಲೆ ಅರ್ಥ ಹೇಳುತ್ತಿದ್ದಳು. ಉಳಿದವರು ನಕ್ಕು ಅಲ್ಲಿಗೇ ಬಿಡುತ್ತಿದ್ದರು.

ಆ ವರ್ಷದ ಸಂಕ್ರಾಂತಿ ಕಳೆದ ಮೇಲೆ ಪಕ್ಕದ ಮನೆಯ ಜೈನಬಿ ಖಾಲಾ ತವರಿಗೆ ಹೊರಟಳು. ತವರು ಇರಕಲ್ಲಗಡ. ರಂಜಾನಿಗೆ ಸುರಕುಂಬಾ ಮಾಡಿದರೆ ನನಗಾಗಿ ಗೋಡಂಬಿ, ದ್ರಾಕ್ಷಿ ತೆಗೆದು ಬರೀ ಹಾಲು ಶಾವಿಗೆ ಬೇರೆ ಬಟ್ಟಲಲ್ಲಿ ಕೊಡುತ್ತಿದ್ದವಳು. ಚೀಲ ಕಂಕುಳಲ್ಲಿ ಇಟ್ಟುಕೊಂಡು, ನನ್ನ ಗದ್ದ ಮುಟ್ಟಿ, "ಬರ್ತೀನಿ ಬೇಟಾ" ಅಂದಳು. ನಾನು ಕಟ್ಟೆಯ ಮೇಲೆ ಕೂತೆ. ಬಳೆಚೂರಿನ ಆಟ ನನಗೆ ಬಹಳ ಇಷ್ಟ. ಹಸಿರು ಹಸಿರಿಗೆ, ಕೆಂಪು ಕೆಂಪಿಗೆ ಸೇರಿಸುತ್ತ ಕೂತಿದ್ದೆ. ಹೊತ್ತು ಮುಳುಗಿತು. ಅವ್ವ ಒಳಗೆ ಕರೆದಳು, ಬೈದಳು, ರಟ್ಟೆ ಹಿಡಿದು ಎಳೆದಳು. ಖಾಲಾ ಬರ್ತೀನಿ ಅಂದಿದ್ದಾಳೆ, ಬಂದಾಗ ನಾನಿರದಿದ್ದರೆ? ನಾನು ಕಿರುಚಿದೆ. ಓಣಿಯೆಲ್ಲ ಹೊರಗೆ ಬಂತು. ಮರುದಿನವೂ ಸಾಲಿಗೆ ಹೋಗದೆ ಅಲ್ಲೇ ಕೂತೆ. ಮೈಮೇಲೆ ಬೂದಿ ಬಿದ್ದಿತ್ತು. ರೊಟ್ಟಿ ಮುಟ್ಟಿರಲಿಲ್ಲ. ಸಂಜೆಗೆ ಜ್ವರ ಬಂತು.

ಅಕ್ಕ ಪಕ್ಕದಲ್ಲಿ ಕೂತು ಬೂದಿ ಒರೆಸಿದಳು. ಆ ಸಲ ಅವಳು ನಗಲಿಲ್ಲ.

"ನೀಲಾ, ಬರ್ತೀನಿ ಅಂದ್ರ ಹೋಗ್ತೀನಿ ಅಂತ ಅರ್ಥ."

"ಹೋಗ್ತೀನಿ ಅನ್ನಾಕ ಏನ್ ಧಾಡಿ?"

"ಹೋಗ್ತೀನಿ ಅನ್ನಬಾರದು. ಹಂಗಂದ್ರ ತಿರುಗಿ ಬರೂದಿಲ್ಲ, ಸತ್ತು ಹೋಗ್ತೀನಿ ಅಂದಂಗ."

"ಮತ್ತ ಸಾಯೋರು ಏನಂತಾರ?"

"ಅವರು ಏನೂ ಅನ್ನೂದಿಲ್ಲ" ಅಂದಳು.

ಅವತ್ತಿನಿಂದ ನಮ್ಮಿಬ್ಬರ ನಡುವೆ ಒಂದು ಕರಾರು ಆಯಿತು. ಅಕ್ಕ ನನಗೆ ಬರೀ 'ಬರ್ತೀನಿ' ಅನ್ನುವಂತಿಲ್ಲ. ಯಾವಾಗ ಬರುವುದೆಂದು ಗೊತ್ತಿದ್ದರೆ ಮಾತ್ರ ಅನ್ನಬೇಕು. ಹೊಲಿಗೆ ಕ್ಲಾಸಿಗೆ ಹೊರಡುವಾಗ, ಅವ್ವನ ಕಿವಿಗೆ ಬೀಳದಂತೆ, "ಹೋಗ್ತೀನಿ. ದೀಪಾ ಹಚ್ಚೂದ್ರೊಳಗ ಬರ್ತೀನಿ" ಅನ್ನುತ್ತಿದ್ದಳು. ದೀಪ ಹಚ್ಚುವುದರೊಳಗೆ ಬರುತ್ತಲೂ ಇದ್ದಳು. ಒಂದು ಮಾತಿಗೆ ಒಂದೇ ಅರ್ಥವಿದ್ದರೆ ಬದುಕು ಎಷ್ಟು ಸಲೀಸು ಎಂದು ನನಗೆ ತಿಳಿದದ್ದು ಆಗ.

ಹಿಂಗಾರಿ ಸುಗ್ಗಿಯ ಕೊನೆಗೆ ಕುಷ್ಟಗಿಯಿಂದ ಅಕ್ಕನನ್ನು ನೋಡಲು ಬಂದರು. ಅವ್ವ ಬೆಳಗಿನಿಂದ ನನಗೆ ಹೇಳಿದ್ದು ಒಂದೇ: "ನೀ ಏನೂ ಮಾತಾಡಬ್ಯಾಡ. ಬಂದವರಿಗೆ ನೀಡು, ಅಷ್ಟ." ಮಂಡಾಳ ಅಂದರೆ ಮಂಡಕ್ಕಿ, ಅದರ ಒಗ್ಗರಣೆ, ಮಿರ್ಚಿ ಆಗಿತ್ತು. ಹುಡುಗನ ತಾಯಿ ಅರ್ಧ ತಿಂದು, "ಸಾಕವಾ, ಹೊಟ್ಟಿ ತುಂಬೇತಿ" ಅಂದಳು. ಇನ್ನೊಂದಿಷ್ಟು ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡುವುದು ಪದ್ಧತಿ. ನಾನು ಅವಳ ಮುಂದಿನ ತಾಟು ತೆಗೆದುಕೊಂಡು ಒಳಗೆ ಹೋದೆ. ಮಿರ್ಚಿ ಇನ್ನೂ ಅವಳ ಕೈಯಲ್ಲಿತ್ತು. ಹುಡುಗ ಫಕ್ಕನೆ ನಕ್ಕ. ತಲೆ ಬಗ್ಗಿಸಿ ಕೂತಿದ್ದ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅವಾಗಲೇ. ಮದುವೆ ಕೂಡಿಬಂದದ್ದು ನನ್ನಿಂದ ಎಂದು ಆ ಹುಡುಗ, ಅಂದರೆ ನನ್ನ ಮಾವ, ಈಗಲೂ ಚಾಷ್ಟಿ ಮಾಡಿ ನಗುತ್ತಾನೆ. ಅವನ ತಾಯಿ ಮಾತ್ರ ನಗಲಿಲ್ಲ. "ಈ ಹುಡುಗಿ ಒಂದ್ ನಮೂನಿ ಐತಲ್ಲ" ಅಂದಳು. "ಸಣ್ಣಾಕಿ ಅದಾಳ್ರಿ, ಇನ್ನೂ ತಿಳುವಳಿಕಿ ಬಂದಿಲ್ಲ" ಎಂದು ಅವ್ವ ಕೈ ಹಿಸುಕಿಕೊಂಡಳು.

ಮದುವೆ ಬೇಸಿಗೆಗೆ ಎಂದು ಗೊತ್ತಾಯಿತು. ಮನೆಯಲ್ಲಿ ಹಪ್ಪಳ, ಶಾವಿಗೆ, ಜರತಾರಿ ಸೀರೆಯ ಗಂಜಿ ವಾಸನೆ. ಎಲ್ಲರೂ ಸಂಭ್ರಮದಲ್ಲಿದ್ದರು. ನನಗೆ ಇದ್ದದ್ದು ಹೆದರಿಕೆ. ನೇರವಾಗಿಯೇ ಬರೆಯುತ್ತೇನೆ: ಅಕ್ಕ ಹೋದ ಮೇಲೆ ಜನರ ಮಾತಿನ ಅರ್ಥ ನನಗೆ ಹೇಳುವವರು ಯಾರು ಎಂಬ ಹೆದರಿಕೆ. ಅವಳ ಮೇಲೆ ಪ್ರೀತಿ ಇತ್ತೋ ಇಲ್ಲವೋ ಎಂದು ಕೇಳಿದರೆ, ಆಗ ನನಗೆ ಅವೆರಡೂ ಬೇರೆ ಬೇರೆ ಎಂದು ಗೊತ್ತಿರಲಿಲ್ಲ.

ಅವ್ವನ ಹೆದರಿಕೆ ಬೇರೆ. ನಾನು ಹಂದರದಲ್ಲಿ ಕಿರುಚುತ್ತೇನೆ, ಬೀಗರ ಮುಂದೆ ಮಾನ ಹೋಗುತ್ತದೆ ಎಂದು. "ಅಕ್ಕನ್ನ ಕಳಿಸುವಾಗ ಅಳು. ಅಳಲಿಲ್ಲಂದ್ರ ಮಂದಿ ಆಡಿಕೋತಾರ. ಭಾಳ ಅಳಬ್ಯಾಡ" ಎಂದು ತಾಕೀತು ಮಾಡಿದಳು. ಎಷ್ಟು ಅಳಬೇಕು ಎಂದು ಕೇಳಿದ್ದಕ್ಕೆ ಹಣೆ ಚಚ್ಚಿಕೊಂಡಳು.

ಮದುವೆ ನಮ್ಮ ಮನೆಯ ಮುಂದಿನ ಹಂದರದಲ್ಲೇ ಆಯಿತು. ಬ್ಯಾಂಡಿನ ಸದ್ದಿಗೆ ನಾನು ಅಕ್ಕಿ ಚೀಲಗಳ ಕೋಣೆ ಸೇರಿ ಕಿವಿ ಮುಚ್ಚಿಕೊಂಡು ಕೂತೆ. ಅಕ್ಷತೆಯ ಹೊತ್ತು ನಾನು ನೋಡಲೇ ಇಲ್ಲ. ಗೋಧಿ ಹುಗ್ಗಿಯ ತಾಟನ್ನು ಖಾಲಾ ಬಾಗಿಲ ಸಂದಿಯಿಂದ ಒಳಗೆ ಸರಿಸಿದಳು. ಮಧ್ಯಾಹ್ನ ಇಳಿಯುವಾಗ ಬ್ಯಾಂಡು ನಿಂತಿತು. ಹೆಣ್ಣು ಕಳಿಸುವ ಹೊತ್ತು ಎಂದು ಅವ್ವ ನನ್ನನ್ನು ಎಳೆದು ತಂದು ಹೊಸ್ತಿಲ ಪಕ್ಕ ನಿಲ್ಲಿಸಿದಳು. ಹೊರಗೆ ಬೀಗರ ಕ್ರೂಸರ್ ಗಾಡಿ ಸ್ಟಾರ್ಟ್ ಆಗಿ ನಿಂತಿತ್ತು.

ಅಕ್ಕನ ಉಡಿ ತುಂಬಿದ್ದರು. ಅಪ್ಪನ ಕಾಲು ಮುಟ್ಟಿ ಬರ್ತೀನಿ ಅಂದಳು. ಅಪ್ಪ ಅವತ್ತು ಹೊಸ ಅಂಗಿ ಹಾಕಿದ್ದ, ಆದರೂ ಭತ್ತದ ವಾಸನೆ ಇತ್ತು. ಅವ್ವನನ್ನು ತಬ್ಬಿ ಬರ್ತೀನಿ ಅಂದಳು. ಖಾಲಾಗೂ, ಓಣಿಯ ಎಲ್ಲರಿಗೂ ಬರ್ತೀನಿ, ಬರ್ತೀನಿ. ಎಲ್ಲರೂ "ಹೋಗಿ ಬಾರವಾ" ಎಂದು ಅಳುತ್ತಿದ್ದರು. ಕಡೆಗೆ ನನ್ನ ಮುಂದೆ ಬಂದು ನಿಂತಳು. ಬಾಯಿ ತೆರೆಯಲಿಲ್ಲ. ಕರಾರಿನಂತೆ ನಾನೇ ಕೇಳಿದೆ.

"ಯಾವಾಗ ಬರ್ತಿ?"

ಯಾರೋ ಕಿಸಕ್ಕನೆ ನಕ್ಕರು. "ಪಂಚಮಿಗೆ ಬರ್ತಾಳ, ಸುಮ್ನಿರ" ಎಂದು ಅವ್ವ ನನ್ನ ಬೆನ್ನು ಚಿವುಟಿದಳು.

"ಪಂಚಮಿಗೆ ಬಂದು ಇಲ್ಲೇ ಇರ್ತಿಯೇನು?" ನಾನು ಕೇಳುತ್ತಿದ್ದದ್ದು ಅಕ್ಕನನ್ನು. ಅವ್ವನನ್ನಲ್ಲ.

ಅಕ್ಕ ಹ್ಞೂಂ ಅಂದಿದ್ದರೆ ಮುಗಿಯುತ್ತಿತ್ತು. ಗಾಡಿ ಹೋಗುತ್ತಿತ್ತು, ನಾನು ಮತ್ತೆ ಕಟ್ಟೆಯ ಮೇಲೆ ಕಾಯುತ್ತ ಕೂರುತ್ತಿದ್ದೆ. ಅದು ಅಕ್ಕನಿಗೆ ಗೊತ್ತಿತ್ತು. ಹಸಿರು ಬಳೆಯ ಎರಡೂ ಕೈಯಿಂದ ನನ್ನ ಮುಖ ಹಿಡಿದಳು. ಮುಖ ಮುಟ್ಟಿದರೆ ನನಗೆ ಆಗುವುದಿಲ್ಲ. ಅವತ್ತು ತಡೆದುಕೊಂಡೆ.

"ಇಲ್ಲ, ನೀಲಾ. ನಾ ಹೋಗ್ತೀನಿ. ಹಾದಿ ಕಾಯಬ್ಯಾಡ."

ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿದರು. ಅಕ್ಕನ ಅತ್ತೆ ಗಾಡಿಯ ಬಾಗಿಲು ಹಿಡಿದುಕೊಂಡೇ ತಿರುಗಿ ನೋಡಿದಳು. ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ ಇಟ್ಟುಕೊಂಡು, ತವರಿನ ಹೊಸ್ತಿಲ ಮೇಲೆ ನಿಂತು ಹೋಗ್ತೀನಿ ಅಂದ ಮದುಮಗಳನ್ನು ಅವರು ಯಾರೂ ಕಂಡಿರಲಿಲ್ಲ.

"ಅಯ್ಯ, ನಿನ್ ಬಾಯಾಗ ಮಣ್ಣ ಹಾಕ! ಬಿಡ್ತು ಅನ್ನ, ಗಿರಿಜಾ, ಬಿಡ್ತು ಅನ್ನ!" ಅವ್ವ ತನ್ನ ಕೆನ್ನೆಗೆ ತಾನೇ ಬಡಿದುಕೊಂಡಳು. ಖಾಲಾ "ತೌಬಾ ತೌಬಾ" ಅಂದಳು. "ಬಿಡ್ತು ಅಂದುಬಿಡವಾ, ಏನಾಗಬೇಕಾಗೇತಿ" ಎಂದು ಅಪ್ಪನೂ ಅಂದ.

ಬಿಡ್ತು ಅಂದರೆ ಆಡಿದ ಮಾತು ಆಡದಂತೆ. ಅಕ್ಕ ನನ್ನನ್ನು ನೋಡುತ್ತಲೇ ಇದ್ದಳು. ಬಿಡ್ತು ಅನ್ನಲಿಲ್ಲ. ಹೊಸ್ತಿಲು ದಾಟಿ, ಗಾಡಿ ಹತ್ತಿ, ಹೋದಳು.

ನಾನು ಒಳಗೆ ಬಂದು ತಣ್ಣಗಾಗಿದ್ದ ಹುಗ್ಗಿ ಉಂಡು ಮಲಗಿದೆ. ಅಳಲಿಲ್ಲ. ಮಂದಿ ಆಡಿಕೊಂಡರು. ಕಲ್ಲಿನಂಥ ಹುಡುಗಿ ಅಂದರು. ಹೆಣ್ಣುಮಕ್ಕಳು ತವರಿಗೆ ಬರುವ ನಾಗರ ಪಂಚಮಿ ಹತ್ತಿರ ಬಂದಾಗ ಅಪ್ಪ ಬಸ್ ಸ್ಟ್ಯಾಂಡಿಗೆ ಹೋಗಿ ಹೋಗಿ ಬಂದ. ಅವ್ವ ಕಟ್ಟೆಯ ಮೇಲೆ ಕೂತು ರಸ್ತೆ ನೋಡಿ ನೋಡಿ ಕಣ್ಣೊರೆಸಿಕೊಂಡಳು. ಆ ವರ್ಷ ಕುಷ್ಟಗಿಯವರು ಅಕ್ಕನನ್ನು ಕಳಿಸಲಿಲ್ಲ. ಆ ಮನೆಯಲ್ಲಿ ಹಾದಿ ಕಾಯದೆ ಇದ್ದವಳು ನಾನೊಬ್ಬಳೇ.

ಯಾಕೆ ಕಳಿಸಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಮಾವನ ಬಾಯಿಂದ. ಆ ಒಂದು ಮಾತು ಅಕ್ಕನ ಬೆನ್ನು ಹತ್ತಿ ಕುಷ್ಟಗಿಗೂ ಹೋಗಿತ್ತು, ಅದನ್ನೇ ಹಿಡಿದು ಅತ್ತೆ ಪಂಚಮಿಗೆ ಕಳಿಸಿರಲಿಲ್ಲ. ಎಮ್ಮೆ ಹಾಲು ಕಡಿಮೆ ಮಾಡಿದರೂ, ಮಾವ ಬೈಕಿನಿಂದ ಬಿದ್ದರೂ, ಮೊದಲ ಬಸಿರು ನಿಲ್ಲದಿದ್ದಾಗಲೂ, "ಹೊಸ್ತಿಲದಾಗ ನಿಂತು ಹೋಗ್ತೀನಿ ಅಂದಾಕಿ" ಎಂದೇ ಅತ್ತೆ ಅನ್ನುತ್ತಿದ್ದಳಂತೆ. ಅಕ್ಕ ಒಂದು ಸಲವೂ ಎದುರಾಡಲಿಲ್ಲವಂತೆ, ಬಿಡ್ತು ಅಂತಲೂ ಅನ್ನಲಿಲ್ಲವಂತೆ. ನನಗಂತೂ ಅವಳು ಹೇಳಿಯೇ ಇಲ್ಲ.

ಈಗ ಮಿಲ್ಲಿನ ಬೂದಿ ಅಷ್ಟು ಹಾರುವುದಿಲ್ಲ. ಅಪ್ಪ ಕೆಲಸ ಬಿಟ್ಟಿದ್ದಾನೆ. ಅವನ ಅಂಗಿಗೆ ಈಗ ಬರೀ ಸೋಪಿನ ವಾಸನೆ, ಪಕ್ಕದಲ್ಲಿ ಕೂರುತ್ತೇನೆ. ನಾನು ಒಂದು ಬೀಜದ ಅಂಗಡಿಯಲ್ಲಿ ಬೀಜ ಆರಿಸಿ, ಮೊಳಕೆ ನೋಡುವ ಕೆಲಸ ಮಾಡುತ್ತೇನೆ. ಜನರ ಮಾತು ಕಲಿತಿದ್ದೇನೆ, ಬೇರೆ ದೇಶದವರು ಕನ್ನಡ ಕಲಿಯುವ ಹಾಗೆ, ಒಂದೊಂದಾಗಿ. ಉಪವಾಸವಿದ್ದರೂ ಆತ್ರಿ ಅನ್ನುತ್ತೇನೆ. ಬೀಗರು ಸಾಕು ಅಂದರೆ ಮತ್ತೊಂದು ಸೌಟು ಸುರಿಯುತ್ತೇನೆ. ಸಂಜೆ ಅಂಗಡಿ ಬಿಡುವಾಗ ಮಾಲೀಕರಿಗೆ "ಬರ್ತೀನ್ರಿ" ಅನ್ನುತ್ತೇನೆ, ನಾಲಿಗೆ ತೊದಲುವುದಿಲ್ಲ. ಓಣಿಯಲ್ಲಿ ಈಗ ನನ್ನನ್ನು ಯಾರೂ ಒಂದ್ ನಮೂನಿ ಅನ್ನುವುದಿಲ್ಲ. ಅವ್ವನಿಗೆ ಅದೇ ದೊಡ್ಡ ಸಂತೋಷ.

ಹೋದ ಪಂಚಮಿಗೆ ಅಕ್ಕ ಬಂದಿದ್ದಳು, ಮಕ್ಕಳನ್ನು ಕರೆದುಕೊಂಡು. ಎಳ್ಳುಂಡಿ ಕಟ್ಟಿದಳು, ಅವ್ವನ ಜೊತೆ ಜಗಳಾಡಿದಳು. ಹೊರಡುವಾಗ ಅದೇ ಹೊಸ್ತಿಲಲ್ಲಿ ಎಲ್ಲರಿಗೂ ಬರ್ತೀನಿ ಅಂದಳು. ನನಗೂ ಅಂದಳು. "ಬರ್ತೀನಿ, ನೀಲಾ."

ಅಂದವಳು ಒಂದು ಗಳಿಗೆ ಹಾಗೇ ನಿಂತಳು. ಯಾವಾಗ ಎಂದು ನಾನು ಕೇಳುತ್ತೇನೆಂದು ಕಾದಳೋ ಏನೋ.

"ಹ್ಞೂಂ, ಹೋಗಿ ಬಾ" ಅಂದೆ. ನನಗೆ ಅರ್ಥವಾಗಿತ್ತು.

ಅಕ್ಕ ನಕ್ಕು ಆಟೋ ಹತ್ತಿದಳು. ನನ್ನೊಬ್ಬಳ ಜೊತೆ ಆಡಲೆಂದು ಅವಳಲ್ಲಿ ಒಂದು ಮಾತು ಇತ್ತು, ಅಂದದ್ದೇ ಅರ್ಥವಿರುವ ಮಾತು. ನಾನು ಎಲ್ಲರ ಮಾತು ಕಲಿತೆ, ನಮ್ಮಿಬ್ಬರ ಆ ಮಾತಿಗೆ ಕೆಲಸ ಉಳಿಯಲಿಲ್ಲ. ಅದು ಹೋಯಿತು. ಹೋಯಿತು ಎಂದೇ ಬರೆಯುತ್ತಿದ್ದೇನೆ. ಬಿಡ್ತು ಅನ್ನುವುದಿಲ್ಲ.