ಸಾಸ್ ಬಾಟಲಿ ಹೊಡೆದ ಗೋಲು

ಸಾನಪಾಡಾ ಸ್ಟೇಷನ್ನಿನ ಆಚೆಗಿದ್ದ ಒಂದು ಕಾಲೇಜಿನಲ್ಲಿ ನಾನು ಹದಿನಾಲ್ಕು ವರ್ಷ ಕ್ಯಾಂಟೀನ್ ನಡೆಸಿದೆ. ಓದಿದ್ದು ಉಡುಪಿಯ ಕಡೆ, ಹತ್ತನೆಯ ತರಗತಿಯವರೆಗೆ. ಫುಟ್‌ಬಾಲನ್ನು ಒಮ್ಮೆಯೂ ಕಾಲಿನಿಂದ ಮುಟ್ಟಿದವನಲ್ಲ. ಆದರೂ ಕಾಲೇಜು ತಂಡದ ಮ್ಯಾಚ್ ಇದ್ದ ದಿನ ಅಡುಗೆಯವರ ಮೇಲೆ ಎಲ್ಲ ಬಿಟ್ಟು ಮೈದಾನಕ್ಕೆ ಓಡುತ್ತಿದ್ದೆ.

ಮರುದಿನ ಕ್ಯಾಂಟೀನಿನ ಮೂಲೆಯ ಟೇಬಲ್ಲಿನಲ್ಲಿ ಮ್ಯಾಚ್ ಇನ್ನೊಮ್ಮೆ ನಡೆಯುತ್ತಿತ್ತು. ಎರಡು ಸ್ಟೀಲ್ ಲೋಟ ಗೋಲಿನ ಕಂಬಗಳು. ಚಟ್ನಿ ಬಟ್ಟಲುಗಳು ಎದುರು ತಂಡದವರು. ಕೆಂಪು ಸಾಸ್ ಬಾಟಲಿ ಎಂದರೆ ನಮ್ಮ ಉದ್ದದ ಹುಡುಗ. ಆರಡಿ ಮೂರಿಂಚು ಇದ್ದ. ವಿಜಯಪುರದ ಕಡೆಯವರು, ತಾಯಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ವಿಠ್ಠಲವಾಡಿಯ ಮನೆಯಿಂದ ಲೋಕಲ್ ರೈಲಿನಲ್ಲಿ ಠಾಣೆ ಸ್ಟೇಷನ್ನಿಗೆ ಬಂದು, ಅಲ್ಲಿ ಗಾಡಿ ಬದಲಿಸಿ ಕಾಲೇಜಿಗೆ ಬರುತ್ತಿದ್ದ. ಉಳಿದ ಹುಡುಗರಿಗೆಲ್ಲ ನಾನು ಅಣ್ಣಾ, ಅವನಿಗೆ ಮಾತ್ರ ಕಾಕಾ.

ಗೋಲಿನ ಹತ್ತಿರ ಅವನಿಗೆ ಚೆಂಡು ಮುಟ್ಟಿಸುವುದು ಹೇಗೆ ಎಂಬುದೇ ಆ ವರ್ಷದ ದೊಡ್ಡ ವಾದ.

“ಅವನ ತಲೆ ಮೇಲೆ ಹಾಕಿದ್ರೆ ಮುಗೀತು,” ಎಂದರು ಕಾಲೇಜು ಆಫೀಸಿನ ಗುಮಾಸ್ತರು. ಅವರೂ ನಮ್ಮ ಕಡೆಯವರೇ, ಪುತ್ತೂರಿನವರು.

“ಎಂತ ಮುಗಿಯುವುದು? ಇಬ್ಬರು ಅವನ ಅಂಗಿ ಹಿಡಿದು ನೇತಾಡಿದ್ದು ನೀವು ನೋಡ್ಲಿಲ್ವಾ?” ಎಂದೆ.

“ಓಹೋ! ವಡೆ ಕರಿಯುವವರು ಕೋಚ್ ಆದ್ರು ಮಾರಾಯ್ರೆ! ಹೇಳಿ, ಹೇಳಿ.”

ನಾನು ಸಾಸ್ ಬಾಟಲಿಯನ್ನು ಹತ್ತಿರದ ಲೋಟದ ಕಡೆ ಓಡಿಸಿದೆ. ಎರಡು ಚಟ್ನಿ ಬಟ್ಟಲು ಅದರ ಹಿಂದೆ ಹೋದವು. ತಟ್ಟನೆ ಬಾಟಲಿಯನ್ನು ತಿರುಗಿಸಿ ದೂರದ ಲೋಟದ ಬಳಿಗೆ ತಂದೆ. “ಕಾರ್ನರಿನಿಂದ ಚೆಂಡು ಇಲ್ಲಿ ಬೀಳ್ಬೇಕು. ಆಗ ಇವನೊಬ್ಬನೇ.”

ಪಕ್ಕದಲ್ಲೇ ಕುಳಿತಿದ್ದ ಉದ್ದದ ಹುಡುಗ ಬಾಟಲಿ ಎತ್ತಿ ಅಲ್ಲಾಡಿಸಿದ. “ಕಾಕಾ, ಇದು ನಾನೇನ್ರಿ? ಒಳಗ ಎಲ್ಲಾ ಖಾಲಿ ಆಗೇದಲ್ರಿ!”

“ಹಾಗಾದ್ರೆ ನೀನೇ, ಸಂಶಯ ಇಲ್ಲ,” ಎಂದರು ಗುಮಾಸ್ತರು. ಟೇಬಲ್ಲೆಲ್ಲ ನಕ್ಕಿತು.

ಕೋಚ್ ಮರಾಠಿಯವರು, ಒಳ್ಳೆಯ ಮನುಷ್ಯ. ವಡೆಯವನ ಉಪಾಯ ಎಂದು ತಳ್ಳಿಹಾಕಲಿಲ್ಲ. ಒಂದು ವಾರ ಅಭ್ಯಾಸ ಮಾಡಿಸಿದರು.

ಸೆಮಿಫೈನಲ್ಲಿನಲ್ಲಿ ಹಾರಿದ ಹುಡುಗನ ತಲೆ ಇನ್ನೊಬ್ಬನ ತಲೆಗೆ ಬಡಿಯಿತು. ತೆಂಗಿನಕಾಯಿ ಒಡೆದಂಥ ಸದ್ದು ನಾವು ಕುಳಿತಲ್ಲಿಗೆ ಕೇಳಿಸಿತು. ಅವನು ಎದ್ದ, ಕೈ ಬೀಸಿದ, ಆಡಿದ. ನಾವು ಚಪ್ಪಾಳೆ ಹೊಡೆದೆವು.

ಫೈನಲ್ ಮೂರು ದಿನ ಬಿಟ್ಟು ಇತ್ತು. ಫೈನಲ್ಲಿನ ದಿನ ಬೆಳಿಗ್ಗೆ ಅವನು ಕ್ಯಾಂಟೀನಿಗೆ ಒಬ್ಬನೇ ಬಂದ. ಚಹಾ ಇಟ್ಟೆ. ಕೈ ಚಾಚಿದ. ಗ್ಲಾಸಿನ ಪಕ್ಕದಲ್ಲಿ, ಎರಡು ಬೆರಳು ಆಚೆ, ಅವನ ಕೈ ಬರೀ ಗಾಳಿಯನ್ನು ಹಿಡಿಯಿತು. ಇನ್ನೊಮ್ಮೆ ಚಾಚಿದ. ಮತ್ತೆ ಹಾಗೆಯೇ. ಆಮೇಲೆ ಒಂದು ಕಣ್ಣು ಮುಚ್ಚಿ ಗ್ಲಾಸು ಹಿಡಿದ.

“ಎಂತ ಅದು?” ಎಂದೆ.

“ಎರಡು ಗ್ಲಾಸ್ ಕಾಣ್ತಾವ್ರಿ ಕಾಕಾ. ತಲಿನೂ ಭಾಳ ನೋಯ್ತದ. ಸರ್‌ಗೆ ಹೇಳಬ್ಯಾಡ್ರಿ. ಇವತ್ತು ಯೂನಿವರ್ಸಿಟಿ ಟೀಮಿಗೆ ಆರಿಸೋರು ಬರ್ತಾರ. ಅದು ಸಿಕ್ರ ನೌಕರಿ ಸಿಕ್ಕಂಗ.”

“ಪಿತ್ತ ಏರಿರ್ಬೇಕು,” ಎಂದೆ. ಶುಂಠಿ ಹಾಕಿದ ಮಜ್ಜಿಗೆ ಕೊಟ್ಟೆ. ನಮ್ಮಲ್ಲಿ ತಲೆನೋವಿಗೆಲ್ಲ ಪಿತ್ತವೇ ಕಾರಣ, ಮಜ್ಜಿಗೆಯೇ ಮದ್ದು. ಆದರೆ ಪಿತ್ತ ಏರಿದವನಿಗೆ ಒಂದು ಗ್ಲಾಸು ಎರಡಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ತಲೆಯ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು.

ಕೋಚ್ ಇಪ್ಪತ್ತು ಹೆಜ್ಜೆ ದೂರದಲ್ಲಿ ಚೆಂಡುಗಳಿಗೆ ಗಾಳಿ ತುಂಬಿಸುತ್ತಿದ್ದರು. ನಾನು ಹೋಗಲಿಲ್ಲ. ಅವನ ನೌಕರಿಯ ಆಸೆ ಕೆಡಿಸಬಾರದೆಂದು ಸುಮ್ಮನಿದ್ದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅವನು ಆಡದಿದ್ದರೆ ನನ್ನ ಕಾರ್ನರ್ ಇಲ್ಲ. ಟೇಬಲ್ಲಿನ ಮೇಲೆ ಮಾಡಿದ್ದನ್ನು ಮೈದಾನದಲ್ಲಿ ನೋಡಬೇಕೆಂಬ ಹುಚ್ಚು ನನಗಿತ್ತು. ಅಷ್ಟೇ.

ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಕಾರ್ನರ್ ಸಿಕ್ಕಿತು. ಅವನು ಹತ್ತಿರದ ಕಂಬಕ್ಕೆ ಓಡಿದ, ಇಬ್ಬರು ಹಿಂದೆ ಹೋದರು, ಅವನು ತಿರುಗಿದ. ದೂರದ ಕಂಬದ ಬಳಿ ಒಬ್ಬನೇ ಹಾರಿದ. ಚೆಂಡು ಹಣೆಗೆ ಬಡಿದು ಬಲೆಗೆ ಹೋಯಿತು. ಅವನು ಬೋರಲಾಗಿ ಬಿದ್ದ. ಹುಡುಗರು ಖುಷಿಯಿಂದ ಅವನ ಮೇಲೆ ಬಿದ್ದರು, ಒಬ್ಬರ ಮೇಲೊಬ್ಬರು. ಗುಮಾಸ್ತರು ನನ್ನನ್ನು ತಬ್ಬಿಕೊಂಡು, “ಮಾಡಿಬಿಟ್ರಿ ಮಾರಾಯ್ರೆ!” ಎಂದರು. ನಾನು ಕುಣಿಯುತ್ತಿದ್ದೆ. ಎಲ್ಲರೂ ಎದ್ದ ಮೇಲೂ ಅವನು ಏಳಲಿಲ್ಲ.

ತಲೆಯೊಳಗೆ ರಕ್ತ ಕಟ್ಟಿತ್ತು. ಆಸ್ಪತ್ರೆಯ ವರಾಂಡದಲ್ಲಿ ಕೋಚ್ ಒಬ್ಬೊಬ್ಬರನ್ನೇ ಕೇಳಿದರು, ಅವನು ಯಾರ ಹತ್ತಿರವಾದರೂ ಏನಾದರೂ ಹೇಳಿದ್ದನೇ ಎಂದು. ನನ್ನನ್ನೂ ಕೇಳಿದರು. ಇಲ್ಲ ಎಂದೆ. ಪೆಟ್ಟಾದವನನ್ನು ಡಾಕ್ಟರಿಗೆ ತೋರಿಸದೆ ಆಡಿಸಿದ ತಪ್ಪು ಅವರ ಮೇಲೆ ಬಂತು, ಕೆಲಸ ಹೋಯಿತು.

ಹುಡುಗ ಬದುಕಿದ. ಬಲಗೈ, ಬಲಗಾಲು ಸೋತವು. ಮಾತು ನಿಧಾನವಾಯಿತು. ಆ ಇಡೀ ದಿನ ಅವನ ನೆನಪಿನಿಂದ ಅಳಿಸಿಹೋಗಿತ್ತು. ನಾನು ತಿಂಗಳಿಗೊಮ್ಮೆ ವಿಠ್ಠಲವಾಡಿಗೆ ಹೋಗುತ್ತಿದ್ದೆ. ಪ್ರತಿ ಸಲ ಅವನು ಕೇಳುತ್ತಿದ್ದದ್ದು ಒಂದೇ: “ಗೋಲ್ ಹೆಂಗಾತು, ಹೇಳ್ರಿ ಕಾಕಾ.” ನಾನು ಕಾರ್ನರಿನಿಂದ ಶುರು ಮಾಡಿ ಬಲೆಯವರೆಗೆ ಹೇಳುತ್ತಿದ್ದೆ. ಅವನ ಮುಖ ಅರಳುತ್ತಿತ್ತು. ಹೀಗೆ ಏಳೆಂಟು ವರ್ಷ.

ಕ್ಯಾಂಟೀನ್ ಬಿಟ್ಟ ವರ್ಷ ಅವನ ತಾಯಿಗೆ ನಿಜ ಹೇಳಿದೆ, ಅವರ ಬಾಗಿಲ ಹೊರಗೆ ನಿಂತು. ಅವಳು ಅಳಲಿಲ್ಲ, ಬೈಯಲಿಲ್ಲ. “ನನಗ ಯಾಕ ಹೇಳ್ತೀರಿ? ಕೈ ಹೋಗಿದ್ದು ಅವಂದು. ಒಳಗ ಅದಾನ, ಅವನಿಗೇ ಹೇಳ್ರಿ,” ಎಂದಳು.

ಒಳಗೆ ಹೋದೆ. “ಗೋಲ್ ಹೆಂಗಾತು ಕಾಕಾ?” ಎಂದ. ಈ ಸಲ ಚಹಾ ಗ್ಲಾಸಿನಿಂದ ಶುರು ಮಾಡಿದೆ. ಮಜ್ಜಿಗೆ, ಇಪ್ಪತ್ತು ಹೆಜ್ಜೆ, ಆಸ್ಪತ್ರೆಯಲ್ಲಿ ಕೋಚ್‌ಗೆ ಹೇಳಿದ ಸುಳ್ಳು, ಎಲ್ಲ ಹೇಳಿದೆ. ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

“ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

ಅವನು ಗೋಡೆಯ ಕಡೆ ತಿರುಗಿ ಮಲಗಿದ. ನಾನು ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ. ಬಾಗಿಲು ತೆರೆದೇ ಇರುತ್ತದೆ. ತಾಯಿ ಚಹಾ ಕೊಡುತ್ತಾಳೆ. ಗೋಲಿನ ಮಾತನ್ನು ಅವನು ಮತ್ತೆ ಎತ್ತಿಲ್ಲ.