ಆರು ಪದ ನನ್ನ ಹತ್ತಿರ, ಆರು ಪದ ಅವಳ ಹತ್ತಿರ

ಗೆಳೆಯರೇ, ನಮ್ಮ ಮನೆಯ ಡಿಜಿಟಲ್ ಹಣವಿರುವ ಕ್ರಿಪ್ಟೋ ವಾಲೆಟ್ ಹನ್ನೆರಡು ಗುಟ್ಟಿನ ಪದ ಸಿಕ್ಕರೆ ಯಾರ ಕೈಯಲ್ಲಾದರೂ ತೆರೆದುಕೊಳ್ಳುತ್ತದೆ. ಅದಕ್ಕೇ ಹೆಂಡತಿ ಆರನ್ನು ನನಗೆ ಕೊಟ್ಟು, ಆರನ್ನು ತಾನೇ ಇಟ್ಟುಕೊಂಡಿದ್ದಾಳೆ.

ಇವತ್ತು ಮಧ್ಯಾಹ್ನ ಒಬ್ಬ ಫೋನ್ ಮಾಡಿ, "ಸಾರ್, ಕಸ್ಟಮರ್ ಕೇರಿಂದ. ನಿಮ್ ವಾಲೆಟ್ ಬ್ಲಾಕ್ ಆಗ್ತಾ ಇದೆ, ಬೇಗ ಪದ ಹೇಳಿ" ಎಂದ. ಗಾಬರಿಯಲ್ಲಿ ನನ್ನ ಆರನ್ನೂ ಒಪ್ಪಿಸಿಬಿಟ್ಟೆ.

"ಉಳಿದಿದ್ದು?"

"ಹೆಂಡ್ತಿ ಹತ್ರ ಇದೆ. ಬೆಳಿಗ್ಗೆಯಿಂದ ನಮಗೆ ಮಾತಿಲ್ಲ." ಆರ್.ಆರ್. ನಗರದಲ್ಲಿ ಅವಳಣ್ಣನ ಗೃಹಪ್ರವೇಶಕ್ಕೆ ಬರುವುದಿಲ್ಲ ಎಂದಿದ್ದೆ.

"ಅಯ್ಯೋ, ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಸಾರ್! ಹೋಗಿ ಸಾರಿ ಕೇಳಿ, ಲೈನಲ್ಲೇ ಇರ್ತೀನಿ."

ಹೋಗಿ, "ಸಾರಿ ಕಣೇ, ನಿನ್ನ ಆರು ಪದ ಬೇಕಂತೆ" ಎಂದೆ.

ಅವಳು ಫೋನ್ ಕಿತ್ತುಕೊಂಡಳು. "ಇಪ್ಪತ್ತು ವರ್ಷ ಸಂಸಾರ ಮಾಡಿರೋ ಇವರಿಗೇ ಹೇಳಿಲ್ಲ, ನಿಂಗೆ ಹೇಳ್ತೀನೇನೋ?"

ಅವನು ಕಟ್ ಮಾಡಿದ. ಅವಳು ನನ್ನನ್ನು ಬೈಯುತ್ತಾ ಕೂರಲಿಲ್ಲ; ಆಗಲೇ ತನ್ನ ಮೊಬೈಲಿನಲ್ಲಿ ಹೊಸ ವಾಲೆಟ್ ತೆರೆದು ಎಲ್ಲವನ್ನೂ ಅಲ್ಲಿಗೆ ಸಾಗಿಸಿದಳು. ಎಂಥ ತಲೆ ಅವಳದು!

ಹೊಸ ಹನ್ನೆರಡೂ ಪದ ಈಗ ಅವಳ ಬಳಿಯೇ ಇವೆ. ಮತ್ತೆ ಯಾರಾದರೂ ಫೋನ್ ಮಾಡಿದರೆ ಹೇಳಲು ನನಗೂ ಎರಡು ಪದ ಕೊಟ್ಟಿದ್ದಾಳೆ: "ಹೆಂಡ್ತೀನ ಕೇಳಿ."