ಸಾಹೇಬರ ಜರ್ಮನ್ ಪೆನ್ನು

ಗುರುಗ್ರಾಮದ ಒಂದು ಖಾಸಗಿ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ನಾನು ಕೆಲಸಕ್ಕಿದ್ದಾಗ, ಅಲ್ಲಿನ ನಿರ್ದೇಶಕರ ಹತ್ತಿರ ಹೆಬ್ಬೆರಳಿನ ಗಾತ್ರದ ಇಂಕ್ ಪೆನ್ನೊಂದಿತ್ತು. ಕಪ್ಪು ಮೈ, ಬಂಗಾರದ ಬಣ್ಣದ ಕ್ಲಿಪ್ಪು. ಅದರಲ್ಲಿ ಆ ಮನುಷ್ಯ ಒಂದು ವಾಕ್ಯ ಬರೆದದ್ದನ್ನು ನಾನು ಕಾಣೆ. ಬರೆಯುವುದೆಲ್ಲ ನಮ್ಮಂಥವರ ಪಾಲಿಗೆ, ಸಹಿ ಮಾತ್ರ ಅವರದು. ಎದುರಿಗೆ ಕೂತವರು ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡೇ ಮುಚ್ಚಳ ತಿರುಗಿಸುತ್ತಿದ್ದರು. "ಜರ್ಮನಿಯದು," ಎನ್ನುತ್ತಿದ್ದರು, ಯಾರೂ ಕೇಳದಿದ್ದರೂ.

ಆ ಪೆನ್ನು ಸೋರುತ್ತಿತ್ತು. ಮುಚ್ಚಳ ತೆಗೆದರೆ ಕುತ್ತಿಗೆಯ ಸುತ್ತ ಇಂಕು ಜಿನುಗಿರುತ್ತಿತ್ತು. ಬೆರಳಿಗೆ ಹತ್ತಿದ್ದನ್ನು ಸಾಹೇಬರು ತಮ್ಮ ಕರ್ಚೀಫಿಗೆ ಒರೆಸುತ್ತಿರಲಿಲ್ಲ, ನಾವು ತಂದಿಟ್ಟ ಫೈಲಿನ ರಟ್ಟಿಗೆ ಒರೆಸುತ್ತಿದ್ದರು.

ಒಂದು ಮಧ್ಯಾಹ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪದವಿ ಪ್ರಮಾಣಪತ್ರ ಒಯ್ಯಲು ಬಂದಳು. ಕೆಲಸಕ್ಕೆ ರಜೆ ಹಾಕಿ, ದೆಹಲಿಯ ಆಚೆ ತುದಿಯ ಇಂದಿರಾಪುರಂನಿಂದ ಆಟೋ, ಮೆಟ್ರೋ ಎಂದು ಬದಲಿಸುತ್ತ ಬಂದಿದ್ದಳು. ಸಹಿಯೊಂದೇ ಬಾಕಿ. ಅವಳನ್ನು ಒಳಗೆ ಕರೆದುಕೊಂಡು ಹೋದೆ. ಸಾಹೇಬರು ಮುಚ್ಚಳ ತಿರುಗಿಸಿದರು, ಸಹಿ ಗೀಚಿದರು, ಗತ್ತಿನಿಂದ ಪೆನ್ನು ಕೊಡವಿದರು. ದೊಡ್ಡದೊಂದು ಹನಿ ನೇರ ಅವಳ ಹೆಸರಿನ ಮೇಲೆ ಬಿತ್ತು. ಟಿಶ್ಯೂ ಒತ್ತಿ ಎಳೆದರು. ಅವಳ ಹೆಸರಿನ ಜೊತೆ ಅಪ್ಪನ ಹೆಸರೂ ಇಂಕಿನಡಿ ಮುಚ್ಚಿಹೋಯಿತು.

"ಸರ್, ನನ್ನ ಹೆಸರೇ ಕಾಣ್ತಿಲ್ಲ," ಎಂದಳು.

"ಚಲ್ತಾ ಹೈ ಬೇಟಾ. ನನ್ನ ಸಹಿ ಚೆನ್ನಾಗಿ ಬಂದಿದೆ ನೋಡು."

ಬೇರೆ ಪ್ರಿಂಟ್ ಮಾಡಿಸೋಣ ಎಂದು ನಾನು ಹೇಳಿದೆ. ಅದಕ್ಕೆ ಅವಳು ಅರ್ಜಿ ಕೊಡಬೇಕಂತೆ, ಪೊಲೀಸ್ ದೂರಿನ ಪ್ರತಿಯನ್ನೂ ತರಬೇಕಂತೆ. ಪ್ರಮಾಣಪತ್ರ ಕಳೆದುಕೊಂಡವರಿಗೆ ಇರುವ ನಿಯಮವೇ ಇದಕ್ಕೂ ಅಂತೆ. ಇಂಕು ಚೆಲ್ಲಿದ್ದು ಇವರು, ಠಾಣೆಗೆ ಹೋಗಬೇಕಾದ್ದು ಅವಳು! ಹುಡುಗಿ ಹೊರಗೆ ಹೋದ ಮೇಲೆ ಸಾಹೇಬರು ಪೆನ್ನನ್ನು ನನ್ನ ಕಡೆ ತಳ್ಳಿದರು. "ನೀವು ಇಂಕ್ ಪೆನ್ನಲ್ಲೇ ಬರೆಯೋರಲ್ವಾ ಮೇಡಂ, ಇದನ್ನು ರಿಪೇರಿ ಮಾಡಿಸಿಕೊಂಡು ಬನ್ನಿ."

ಕಾರಿಡಾರಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದವಳ ಕೈಯಿಂದ ಆ ಕಾಗದ ತೆಗೆದುಕೊಂಡೆ. "ಇದು ನನ್ನ ಹತ್ತಿರ ಇರಲಿ. ನೀನು ಠಾಣೆಗೀಣೆಗೆ ಹೋಗಬೇಡ," ಎಂದೆ.

ಸಂಜೆ ಮಾಲ್‌ನ ಪೆನ್ನಿನ ಶೋರೂಮಿಗೆ ಹೋದೆ. ಕೋಟು ತೊಟ್ಟ ಮಾರಾಟಗಾರ ನಿಬ್ಬಿನ ಕಡೆ ಒಮ್ಮೆ ನೋಡಿ, ಪೆನ್ನನ್ನು ಒಂದೇ ಬೆರಳಿನಿಂದ ಹಿಂದಕ್ಕೆ ದೂಡಿದ. "ಇದು ನಮ್ಮ ಕಂಪನಿಯದಲ್ಲ ಮೇಡಂ. ನಕಲಿ. ದಯವಿಟ್ಟು ಕೌಂಟರ್ ಮೇಲೆ ಇಡಬೇಡಿ." ನಾನೇ ಅದನ್ನು ಕದ್ದುಮುಚ್ಚಿ ತಯಾರಿಸಿದವಳೇನೋ ಎಂಬಂತೆ ನೋಡಿದ. ಇಷ್ಟೆಲ್ಲ ಮಡಿ ಮಾಡುವವನ ಜೇಬಿನಲ್ಲಿದ್ದದ್ದು ಯಾವುದೋ ಬ್ಯಾಂಕು ಪುಕ್ಕಟೆ ಹಂಚಿದ ಬಾಲ್‌ಪೆನ್ನು.

ಭಾನುವಾರ ದೆಹಲಿಯ ಸರೋಜಿನಿ ನಗರದ ಮಾರುಕಟ್ಟೆಯಲ್ಲಿ ಗಡಿಯಾರ, ಪೆನ್ನು ರಿಪೇರಿ ಮಾಡುವ ಸಣ್ಣ ಅಂಗಡಿ ಸಿಕ್ಕಿತು. ಅಲ್ಲಿದ್ದವನು ಮೊಬೈಲಿನಿಂದ ತಲೆಯೆತ್ತದೆ, ತಾನು ಎಂತೆಂಥ ಮಂತ್ರಿಗಳ ಪೆನ್ನು ಸರಿಮಾಡಿದ್ದೇನೆಂದು ಕೊಚ್ಚಿಕೊಂಡ. ಪೆನ್ನು ಬಿಚ್ಚಿದರೆ ಕುತ್ತಿಗೆಯಲ್ಲಿ ಕೂದಲೆಳೆಯ ಸೀಳು. "ಬಿಸಾಕಿ ಇದನ್ನ," ಎಂದು ಡ್ರಾಯರ್ ಎಳೆದ. ಒಳಗೆ ಥೇಟು ಅಂಥವೇ ಪೆನ್ನುಗಳ ರಾಶಿ. "ಎಲ್ಲಾ ಜರ್ಮನಿಯವೇ!"

"ಭಯ್ಯಾ, ಇದನ್ನೇ ಸರಿ ಮಾಡಿ," ಎಂದೆ.

ಅವನು ಅಂಟನ್ನು ಮೆತ್ತಿದ ರೀತಿಗೆ ಪೆನ್ನು ಶಾಶ್ವತವಾಗಿ ಮುಚ್ಚಿಕೊಳ್ಳುತ್ತಿತ್ತು. ಬೈದು, ಒರೆಸಿಸಿ, ಮತ್ತೆ ತೆಳ್ಳಗೆ ಹಚ್ಚಿಸಿದೆ. ಒಣಗುವವರೆಗೂ ಸ್ಟೂಲು ಬಿಟ್ಟು ಏಳಲಿಲ್ಲ. ಇಂಕು ತುಂಬಿಸಿ, ತಲೆಕೆಳಗು ಹಿಡಿದು ಕೊಡವಿದೆ. ಒಂದು ಹನಿಯೂ ಬೀಳಲಿಲ್ಲ.

ಮಾರನೆಯ ದಿನ ಹೊಸ ಪ್ರಮಾಣಪತ್ರ ಪ್ರಿಂಟ್ ಮಾಡಿಸಿ ಸಾಹೇಬರ ಮುಂದಿಟ್ಟೆ.

"ಪೆನ್ನೆಲ್ಲಿ?" ಎಂದರು.

"ರಿಪೇರಿ ಆಗಿದೆ ಸರ್. ಮೊದಲು ಇದಕ್ಕೆ ಸಹಿ ಹಾಕಿ."

"ಅರ್ಜಿ? ಪೊಲೀಸ್ ದೂರು?"

"ಶೋರೂಮಿನವರು ಈ ಪೆನ್ನಿನ ಬಗ್ಗೆ ಒಂದು ಮಾತು ಹೇಳಿದರು. ನಾಳೆ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಲೋ?"

ಏನು ಮಾತು ಎಂದು ಅವರು ಕೇಳಲಿಲ್ಲ. ಮುಖ ಕಪ್ಪಿಟ್ಟಿತು, ಅಷ್ಟೇ. ಪೆನ್ನು ನಕಲಿಯೆಂದು ಈ ಮನುಷ್ಯನಿಗೆ ಮೊದಲಿನಿಂದಲೂ ಗೊತ್ತಿತ್ತು! ಅಲ್ಲಿಯವರೆಗೆ ಅವರನ್ನು ಬರೀ ಜಂಬದ ಪೆದ್ದ ಎಂದುಕೊಂಡಿದ್ದೆ. ಅಷ್ಟು ಮರ್ಯಾದೆಯೂ ಜಾಸ್ತಿಯಾಗಿತ್ತು. ಮೇಜಿನ ಮೇಲಿದ್ದ ಯಾವುದೋ ಬಾಲ್‌ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ಆಮೇಲೆ ಅವರ ಪೆನ್ನನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಶನಿವಾರ ಹುಡುಗಿ ಬಂದಳು. ತನ್ನ ಹೆಸರನ್ನೂ ಅಪ್ಪನ ಹೆಸರನ್ನೂ ಅಕ್ಷರ ಅಕ್ಷರ ಓದಿಕೊಂಡಳು.

"ಮೇಡಂ, ಒಳಗೆ ಹೋಗಿ ಸರ್‌ಗೆ ಥ್ಯಾಂಕ್ಸ್ ಹೇಳ್ಬೇಕಾ?"

"ಏನೂ ಬೇಡ," ಎಂದೆ. "ಊಟ ಆಗಿದೆಯಾ ನಿಂದು?"

ಆಗಿರಲಿಲ್ಲ. ಇಬ್ಬರೂ ಕ್ಯಾಂಟೀನಿಗೆ ಹೋಗಿ ರಾಜ್ಮಾ ಚಾವಲ್ ತಿಂದೆವು.